ಒತ್ತುವ ಕೈ, ಅಳೆಯುವ ಯಂತ್ರ

ಹೃದಯಸ್ತಂಭನವಾದವರಿಗೆ ಸಿಪಿಆರ್ ಮಾಡುವಾಗ ಎದೆಯನ್ನು ಎಷ್ಟು ಆಳಕ್ಕೆ, ಎಷ್ಟು ವೇಗದಲ್ಲಿ ಒತ್ತಲಾಗುತ್ತಿದೆ ಎಂಬುದನ್ನು ಆ ಕ್ಷಣದಲ್ಲೇ ಅಳೆದು ತಿಳಿಸುವ ಫೀಡ್‌ಬ್ಯಾಕ್ ಉಪಕರಣಗಳ ಬಗ್ಗೆ ಕಳೆದ ಸಂಚಿಕೆಯ ಅಂಕಣದಲ್ಲಿ ಕೆಲವು ಸಾಲು ಬರೆದಿದ್ದೆ. ಅದನ್ನು ಓದಿ ಪತ್ರ ಬರೆದವರಲ್ಲಿ ಹೆಚ್ಚಿನವರು ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರೇ ಆಗಿದ್ದಾರೆ. ಉಪಕರಣ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕಿಂತ, ಅದನ್ನು ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡುವುದು ಹೇಗೆ ಎಂಬುದೇ ಅವರ ಚಿಂತೆ. ಹೀಗಾಗಿ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಬರೆದವರ ಹೆಸರನ್ನಾಗಲಿ ಅವರ ಆಸ್ಪತ್ರೆಯ ಹೆಸರನ್ನಾಗಲಿ ಪ್ರಕಟಿಸುತ್ತಿಲ್ಲ.

ಪ್ರಶ್ನೆ: ನಾನು ಹದಿನಾಲ್ಕು ವರ್ಷಗಳಿಂದ ಐಸಿಯುನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಕಳೆದ ವರ್ಷ ನಮ್ಮಲ್ಲಿಗೆ ಬಂದ ಹೊಸ ಡೀಫಿಬ್ರಿಲೇಟರ್ (ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ), ನಾವು ಎದೆ ಒತ್ತುತ್ತಿರುವಾಗಲೇ ‘ಪುಶ್ ಹಾರ್ಡರ್’ ಎಂದು ಇಂಗ್ಲಿಷಿನಲ್ಲಿ ಕೂಗುತ್ತದೆ. ಪರದೆಯ ಆಚೆ ರೋಗಿಯ ಕಡೆಯವರು ನಿಂತಿರುತ್ತಾರೆ. ಪಕ್ಕದಲ್ಲಿ ನಾವೇ ಕೆಲಸ ಕಲಿಸಿದ ಕಿರಿಯರು ಇರುತ್ತಾರೆ. ಅವರೆಲ್ಲರ ಎದುರು ಯಂತ್ರದಿಂದ ಹೇಳಿಸಿಕೊಳ್ಳುವುದು ಅವಮಾನವೆನಿಸುತ್ತದೆ. ನಮ್ಮಲ್ಲಿ ಅನೇಕರು ಮೊದಲು ಅದರ ಧ್ವನಿಯನ್ನು ನಿಲ್ಲಿಸಿಯೇ ಕೆಲಸಕ್ಕೆ ತೊಡಗುತ್ತಾರೆ. ಇಷ್ಟು ವರ್ಷಗಳ ಅನುಭವವಿರುವವರಿಗೂ ಇದು ಬೇಕೇ?

ಉತ್ತರ: ಸಿಸ್ಟರ್, ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಏಕೆಂದರೆ ಹಲವು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆಯನ್ನು ಕೇಳಿದ್ದೆ. ಅಳತೆ ತೋರಿಸುವ ಮ್ಯಾನಿಕಿನ್ ಬೊಂಬೆ ನಮ್ಮ ತರಬೇತಿ ಕೊಠಡಿಗೆ ಮೊದಲ ಸಲ ಬಂದಾಗ, ಕಿರಿಯರಿಗೆ ತೋರಿಸಿಕೊಡಬೇಕೆಂದು ನಾನೇ ಮುಂದಾಗಿ ಮಂಡಿಯೂರಿ ಕುಳಿತೆ. ಮೊದಲ ನಿಮಿಷ ಎಲ್ಲವೂ ಸರಿಯಾಗಿತ್ತು. ಪರದೆಯ ಮೇಲಿನ ಗೆರೆ ಐದು ಸೆಂಟಿಮೀಟರಿನ ಹಸಿರು ಪಟ್ಟಿಯನ್ನು ಮುಟ್ಟಿ ಮುಟ್ಟಿ ಬರುತ್ತಿತ್ತು. ಎರಡನೆಯ ನಿಮಿಷ ಅರ್ಧ ಕಳೆಯುವಷ್ಟರಲ್ಲಿ ಗೆರೆ ಪಟ್ಟಿಯವರೆಗೆ ಇಳಿಯುವುದನ್ನೇ ಬಿಟ್ಟಿತು. ನಾಲ್ಕೂವರೆ, ನಾಲ್ಕು, ಒಂದೆರಡು ಸಲ ಅದಕ್ಕೂ ಕಡಿಮೆ. ನನ್ನ ತೋಳುಗಳಿಗೆ ದಣಿವಿನ ಸುಳಿವೇ ಇರಲಿಲ್ಲ. ಮೊದಲಿನಷ್ಟೇ ಬಲದಿಂದ ಒತ್ತುತ್ತಿದ್ದೇನೆಂದು ಆಣೆ ಮಾಡಿ ಹೇಳಬಲ್ಲವನಾಗಿದ್ದೆ. ಯಂತ್ರ ಕೆಟ್ಟಿದೆ ಎಂಬುದೇ ನನ್ನ ಬಾಯಿಂದ ಬಂದ ಮೊದಲ ಮಾತು. ಪಕ್ಕದಲ್ಲಿದ್ದ ತಂತ್ರಜ್ಞರು ಏನೂ ಹೇಳದೆ ನನ್ನ ಜಾಗಕ್ಕೆ ಬಂದು ಒತ್ತಿದರು. ಗೆರೆ ಮತ್ತೆ ಪಟ್ಟಿಯೊಳಕ್ಕೆ ಇಳಿಯಿತು.

ನನ್ನ ಕೈಗೆ ಆದದ್ದು ಎಲ್ಲರ ಕೈಗೂ ಆಗುತ್ತದೆ. 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ ತರಬೇತಿ ಪಡೆದವರಿಂದ ಬೊಂಬೆಯ ಮೇಲೆ ಐದು ನಿಮಿಷ ಬಿಡದೆ ಒತ್ತಿಸಿದಾಗ, ಮೊದಲ ನಿಮಿಷದಲ್ಲಿ ಸುಮಾರು ಶೇ. 93ರಷ್ಟು ಒತ್ತುಗಳು ಸರಿಯಾಗಿದ್ದವು. ಎರಡನೆಯ ನಿಮಿಷಕ್ಕೆ ಅದು ಶೇ. 67ಕ್ಕೆ, ಮೂರನೆಯದಕ್ಕೆ ಶೇ. 39ಕ್ಕೆ, ಐದನೆಯದಕ್ಕೆ ಶೇ. 18ಕ್ಕೆ ಇಳಿಯಿತು. ಒತ್ತುತ್ತಿದ್ದವರಿಗೆ ಮಾತ್ರ ತಮ್ಮ ಒತ್ತು ಇಷ್ಟು ಕುಗ್ಗಿರುವುದು ಗೊತ್ತೇ ಆಗಿರಲಿಲ್ಲ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು ಎಂಬ ನಿಯಮದ ಹಿಂದಿರುವ ಕಾರಣವೂ ಇದೇ. ಆಸ್ಪತ್ರೆಯ ನಿಜವಾದ ರೋಗಿಗಳ ಮೇಲಿನ ಅಳತೆಗಳೂ ಬೇರೆ ಏನನ್ನೂ ಹೇಳಲಿಲ್ಲ. 2005ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 67 ರೋಗಿಗಳ ಸಿಪಿಆರ್ ಅನ್ನು ಯಂತ್ರದಿಂದ ಅಳೆದು ನೋಡಿದಾಗ, ಅಂದಿನ ಮಾರ್ಗಸೂಚಿಯ ಕನಿಷ್ಠ ಆಳವಾದ 38 ಮಿಲಿಮೀಟರನ್ನೂ ಮುಟ್ಟದ ಅವಧಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿತ್ತು. ಅದೇ ವರ್ಷ ಸ್ಟಾಕ್‌ಹೋಮ್, ಲಂಡನ್ ಮತ್ತು ನಾರ್ವೆಯ ಆಕರ್ಷೂಸ್ ಪ್ರದೇಶದ ಆಂಬುಲೆನ್ಸ್ ಸಿಬ್ಬಂದಿಯ ಕೆಲಸವನ್ನು 176 ರೋಗಿಗಳಲ್ಲಿ ಅಳೆದಾಗ, ರಕ್ತಪರಿಚಲನೆ ಇಲ್ಲದಿದ್ದ ಸಮಯದ ಹೆಚ್ಚುಕಡಿಮೆ ಅರ್ಧದಷ್ಟು ಹೊತ್ತು ಯಾರೂ ಎದೆಯನ್ನು ಒತ್ತುತ್ತಲೇ ಇರಲಿಲ್ಲ ಎಂಬುದು ಹೊರಬಿತ್ತು. ಅವರೆಲ್ಲ ಚೆನ್ನಾಗಿ ಕಲಿತವರು, ಇದನ್ನೇ ವೃತ್ತಿಯಾಗಿ ಮಾಡುವವರು. ಹದಿನಾಲ್ಕು ವರ್ಷಗಳ ಅನುಭವವು ರೋಗಿಯ ಮುಖ ನೋಡಿದೊಡನೆ ಅಪಾಯವನ್ನು ಗುರುತಿಸುವ ಕಣ್ಣನ್ನು ನಿಮಗೆ ಕೊಟ್ಟಿದೆ, ಗದ್ದಲದ ನಡುವೆ ನಡುಗದ ಕೈಯನ್ನು ಕೊಟ್ಟಿದೆ. ಆದರೆ ಅಂಗೈಯ ಕೆಳಗೆ ನಾಲ್ಕು ಸೆಂಟಿಮೀಟರಿಗೂ ಐದಕ್ಕೂ ಇರುವ ವ್ಯತ್ಯಾಸವನ್ನು ತಿಳಿಯುವ ಶಕ್ತಿಯನ್ನು ಎಷ್ಟು ವರ್ಷಗಳ ಅನುಭವವೂ ಯಾರಿಗೂ ಕೊಡುವುದಿಲ್ಲ. ಆದ್ದರಿಂದ ಇದು ನಿಮಗೂ ಬೇಕು, ನನಗೂ ಬೇಕು.

ಇನ್ನು ಅವಮಾನದ ಮಾತು. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುತ್ತಿಲ್ಲ. ಅಳೆಯುವುದು ಬೇರೆ, ಕೂಗಿ ಹೇಳುವುದು ಬೇರೆ. ಎಷ್ಟೋ ಯಂತ್ರಗಳಲ್ಲಿ ಮಾತನ್ನು ನಿಲ್ಲಿಸಿ, ತಾಳ ಹಾಕುವ ಮೆಟ್ರೋನೋಮ್ ಸದ್ದನ್ನೂ ಪರದೆಯ ಮೇಲಿನ ಅಳತೆಯನ್ನೂ ಹಾಗೆಯೇ ಉಳಿಸಿಕೊಳ್ಳಬಹುದು. ನಾನು ಸಾಮಾನ್ಯವಾಗಿ ಮಾಡುವುದು ಹೀಗೆ: ತಂಡದಲ್ಲಿ ಒಬ್ಬರಿಗೆ ಪರದೆಯನ್ನು ನೋಡುವುದನ್ನೇ ಕೆಲಸವಾಗಿ ಒಪ್ಪಿಸಿ, ಒತ್ತುವವರ ಕಿವಿಯ ಬಳಿ ಮೆಲುದನಿಯಲ್ಲಿ ಹೇಳಲು ತಿಳಿಸುತ್ತೇನೆ. “ಸಿಸ್ಟರ್, ಇನ್ನೂ ಸ್ವಲ್ಪ ಆಳಕ್ಕೆ”, “ಬ್ರದರ್, ಕೈ ಪೂರ್ತಿ ಮೇಲಕ್ಕೆ ಬಿಡಿ”, “ವೇಗ ಸರಿಯಾಗಿದೆ, ಹೀಗೇ ಇರಲಿ” ಎಂಬ ಮಾತು ಜೊತೆಗಾರರ ಬಾಯಿಂದ, ನಮ್ಮದೇ ಭಾಷೆಯಲ್ಲಿ ಬಂದಾಗ ಯಾರಿಗೂ ಅದು ಚುಚ್ಚುವುದಿಲ್ಲ. ಯಂತ್ರ ಹೆಚ್ಚಾಗಿ ತಪ್ಪನ್ನೇ ಎತ್ತಿ ತೋರಿಸುತ್ತದೆ. ಮೂರನೆಯ ಆ ಮಾತನ್ನು ಹೇಳುವ ಯಂತ್ರಗಳೂ ಕೆಲವಿವೆ, ಆದರೂ ಅದನ್ನು ಮನುಷ್ಯರೇ ಹೇಳಬೇಕು. ಧ್ವನಿಯನ್ನು ನಿಲ್ಲಿಸುವುದಾದರೆ ನಿಲ್ಲಿಸಿ, ಆದರೆ ಪರದೆಯನ್ನು ನೋಡಲು ಒಬ್ಬರನ್ನು ನೇಮಿಸಿದ ಮೇಲೆ ನಿಲ್ಲಿಸಿ.

ಪ್ರಶ್ನೆ: ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದೇನೆ. ಫೀಡ್‌ಬ್ಯಾಕ್ ಉಪಕರಣ ಬಳಸಿದರೂ ಬದುಕಿ ಉಳಿಯುವವರ ಸಂಖ್ಯೆ ಹೆಚ್ಚಲಿಲ್ಲವೆಂದು ದೊಡ್ಡ ಅಧ್ಯಯನವೊಂದು ಹೇಳಿದೆಯೆಂದು ಓದಿದ್ದೇನೆ. ಹಾಗಿರುವಾಗ ಇದಕ್ಕಾಗಿ ಹಣ ಖರ್ಚು ಮಾಡಿ, ಸಿಬ್ಬಂದಿಯನ್ನು ಒಪ್ಪಿಸಲು ಹೆಣಗಾಡುವುದೇಕೆ?

ಉತ್ತರ: ನೀವು ಓದಿರುವುದು ನಿಜ. 2011ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ನಿಯತಕಾಲಿಕದಲ್ಲಿ ಬಂದ ಆ ಅಧ್ಯಯನದಲ್ಲಿ, ಅಮೆರಿಕ ಮತ್ತು ಕೆನಡಾದ ಆಂಬುಲೆನ್ಸ್ ಸೇವೆಗಳು ಚಿಕಿತ್ಸೆ ನೀಡಿದ 1,586 ಮಂದಿಯನ್ನು ಗಮನಿಸಲಾಗಿತ್ತು. ಹೃದಯ ಮತ್ತೆ ಮಿಡಿದವರ ಪ್ರಮಾಣ ಉಪಕರಣ ಮಾತನಾಡಿದ ಗುಂಪಿನಲ್ಲೂ ಮಾತನಾಡದ ಗುಂಪಿನಲ್ಲೂ ಶೇ. 45ರ ಆಸುಪಾಸಿನಲ್ಲೇ ಇತ್ತು. ಆದರೆ ಅದೇ ವರದಿಯ ಇನ್ನೊಂದು ಅಂಕಿಯತ್ತ ನಿಮ್ಮ ಗಮನ ಸೆಳೆಯಬೇಕಾಗಿದೆ. ಒತ್ತಿನ ಸರಾಸರಿ ಆಳ ಒಂದು ಗುಂಪಿನಲ್ಲಿ 38 ಮಿಲಿಮೀಟರ್, ಇನ್ನೊಂದರಲ್ಲಿ 40 ಮಿಲಿಮೀಟರ್. ಅಂದರೆ ಯಂತ್ರ ಅಷ್ಟು ಸಲ ಹೇಳಿದರೂ ಕೈ ಕೆಳಗಿಳಿದದ್ದು ಎರಡೇ ಮಿಲಿಮೀಟರ್. ಇಂದಿನ ಮಾರ್ಗಸೂಚಿ ವಯಸ್ಕರಿಗೆ ಕೇಳುವ ಕನಿಷ್ಠ ಐದು ಸೆಂಟಿಮೀಟರಿನಿಂದ ಎರಡೂ ಗುಂಪುಗಳು ದೂರವೇ ಉಳಿದಿದ್ದವು. ಔಷಧ ಕೆಲಸ ಮಾಡುವುದಿಲ್ಲವೆಂದು ಹೇಳುವ ಮುನ್ನ ರೋಗಿ ಅದನ್ನು ನುಂಗಿದ್ದಾನೆಯೇ ಎಂದು ನಾವು ಕೇಳುತ್ತೇವಲ್ಲವೇ? ಇಲ್ಲಿಯೂ ಆ ಪ್ರಶ್ನೆಯನ್ನೇ ಕೇಳಬೇಕಾಗುತ್ತದೆ.

ಬೇರೆ ಬಗೆಯ ಫಲಿತಾಂಶವೂ ಇದೆ. ಇರಾನಿನ ಎಂಟು ಆಸ್ಪತ್ರೆಗಳ ಐಸಿಯುಗಳಲ್ಲಿ 900 ರೋಗಿಗಳನ್ನು ಒಳಗೊಂಡು ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಳಸಿದ್ದು ಬ್ಯಾಟರಿಯೂ ಇಲ್ಲದ, ಅಂಗೈಗೂ ಎದೆಗೂ ನಡುವೆ ಇಟ್ಟುಕೊಂಡು ಸಾಕಷ್ಟು ಬಲ ಬಿದ್ದಾಗ ‘ಕ್ಲಿಕ್’ ಎನ್ನುವ, ಕೈ ಎತ್ತಿದಾಗ ಮತ್ತೆ ‘ಕ್ಲಿಕ್’ ಎನ್ನುವ ಒಂದು ಸರಳ ಸಾಧನ. ಆ ಸಾಧನ ಬಳಸಿದ ಗುಂಪಿನಲ್ಲಿ ಶೇ. 54ರಷ್ಟು ಮಂದಿ ಬದುಕಿ ಮನೆಗೆ ಹೋದರೆ, ಬಳಸದ ಗುಂಪಿನಲ್ಲಿ ಹಾಗೆ ಹೋದವರು ಶೇ. 28ರಷ್ಟು. ಈ ಅಂಕಿಗಳನ್ನು ನೋಡಿ ನಮ್ಮ ಕ್ಯಾಷುಯಾಲ್ಟಿಯಲ್ಲೂ ಹಾಗೆಯೇ ಆಗುತ್ತದೆಂದು ನಾನು ಹೇಳಲಾರೆ. ಐಸಿಯುನಲ್ಲಿ ಕಣ್ಣೆದುರಿಗೇ ನಿಂತ ಹೃದಯಕ್ಕೂ, ಹಳ್ಳಿಯಿಂದ ಅರ್ಧ ಗಂಟೆ ಆಟೋದಲ್ಲಿ ಬಂದವರ ಹೃದಯಕ್ಕೂ ಹೋಲಿಕೆಯಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೂಡ 2020ರ ಮಾರ್ಗಸೂಚಿಯಲ್ಲಿ, ಇಂಥ ಉಪಕರಣಗಳನ್ನು ಬಳಸುವುದು ಸಮಂಜಸವಾಗಬಹುದು ಎಂಬ ಎಚ್ಚರಿಕೆಯ ಮಾತನ್ನಷ್ಟೇ ಹೇಳಿತ್ತು.

ನನಗೆ ಇವೆರಡಕ್ಕಿಂತಲೂ ಮುಖ್ಯವಾಗಿ ಕಾಣುವುದು ಷಿಕಾಗೋದ ಅದೇ ಆಸ್ಪತ್ರೆಯವರು 2008ರಲ್ಲಿ ಪ್ರಕಟಿಸಿದ ಕೆಲಸ. ಅವರು ಉಪಕರಣವನ್ನು ಬಳಸಿ ಸುಮ್ಮನಾಗಲಿಲ್ಲ. ವಾರಕ್ಕೊಮ್ಮೆ ಕಿರಿಯ ವೈದ್ಯರನ್ನು ಕೂರಿಸಿಕೊಂಡು, ಆ ವಾರ ನಡೆದ ಸಿಪಿಆರ್‌ಗಳ ದಾಖಲೆಯನ್ನು ತೆರೆದು, ಎಲ್ಲಿ ಕೈ ನಿಂತಿತು, ಏಕೆ ನಿಂತಿತು ಎಂದು ಒಟ್ಟಿಗೆ ಮಾತನಾಡಿಕೊಂಡರು. ಹೃದಯ ಮತ್ತೆ ಮಿಡಿದವರ ಪ್ರಮಾಣ ಸುಮಾರು ಶೇ. 45ರಿಂದ ಶೇ. 59ಕ್ಕೆ ಏರಿತು. ಬದುಕಿ ಮನೆಗೆ ಹೋದವರ ಸಂಖ್ಯೆಯಲ್ಲಿ ಗಣನೀಯ ವ್ಯತ್ಯಾಸವಾಗಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ನೀವು ಹಣವನ್ನು ಎಲ್ಲಿ ಹಾಕಬೇಕೆಂದು ಕೇಳಿದರೆ, ಉಪಕರಣದ ಜೊತೆಗೆ ಆ ವಾರದ ಒಂದು ಗಂಟೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ ಎನ್ನುತ್ತೇನೆ. ಆ ಗಂಟೆ ಇಲ್ಲದಿದ್ದರೆ ಉಪಕರಣದ ಖರ್ಚು ದಂಡವೆಂಬ ನಿಮ್ಮ ಮಾತನ್ನು ನಾನು ಒಪ್ಪುತ್ತೇನೆ.

ಪ್ರಶ್ನೆ: ನಮ್ಮ ತಂದೆಯವರಿಗೆ ಆಸ್ಪತ್ರೆಯಲ್ಲಿ ಸಿಪಿಆರ್ ಮಾಡುತ್ತಿದ್ದಾಗ, ಇನ್ನೂ ಜೋರಾಗಿ ಒತ್ತಬೇಕೆಂದು ಯಂತ್ರ ಮತ್ತೆ ಮತ್ತೆ ಹೇಳುತ್ತಿದ್ದುದನ್ನು ಹೊರಗಿನಿಂದ ಕೇಳಿಸಿಕೊಂಡೆ. ಅವರು ಉಳಿಯಲಿಲ್ಲ. ಸಿಬ್ಬಂದಿ ಸರಿಯಾಗಿ ಒತ್ತದೇ ಹೋದದ್ದರಿಂದಲೇ ಹೀಗಾಯಿತೇ ಎಂಬ ಪ್ರಶ್ನೆ ಎಂಟು ತಿಂಗಳಿಂದ ನನ್ನನ್ನು ಕಾಡುತ್ತಿದೆ.

ಉತ್ತರ: ಅಮ್ಮಾ, ಆ ಧ್ವನಿ ಕೇಳಿಸಿದ್ದರಿಂದ ಚಿಕಿತ್ಸೆ ಸರಿಯಿರಲಿಲ್ಲವೆಂದು ಅರ್ಥವಾಗುವುದಿಲ್ಲ. ಒಂದೆರಡು ಒತ್ತುಗಳು ತುಸು ಮೇಲೆ ನಿಂತರೂ ಯಂತ್ರ ಹಾಗೆ ಹೇಳುತ್ತದೆ. ಒತ್ತುತ್ತಿರುವವರು ಅದನ್ನು ಕೇಳಿ ಸರಿಪಡಿಸಿಕೊಳ್ಳಲಿ ಎಂಬುದಕ್ಕಾಗಿಯೇ ಅದು ಅಲ್ಲಿರುತ್ತದೆ. ಆ ಧ್ವನಿಯನ್ನು ನಿಲ್ಲಿಸದೆ ಕೆಲಸ ಮಾಡಿದ ಸಿಬ್ಬಂದಿ, ತಮ್ಮನ್ನು ತಿದ್ದುವ ಮಾತನ್ನು ನಿಮ್ಮೆಲ್ಲರಿಗೆ ಕೇಳುವಂತೆ ಒಪ್ಪಿಕೊಂಡು ನಿಮ್ಮ ತಂದೆಯವರಿಗಾಗಿ ಒತ್ತುತ್ತಿದ್ದರೆಂದೇ ನಾನು ತಿಳಿಯುತ್ತೇನೆ. ಅತ್ಯುತ್ತಮವಾಗಿ ಮಾಡಿದ ಸಿಪಿಆರ್ ಕೂಡ ಹೃದಯದ ಸಹಜ ರಕ್ತಹರಿವಿನ ಕಾಲುಭಾಗ, ಹೆಚ್ಚೆಂದರೆ ಮೂರನೆಯ ಒಂದು ಭಾಗವನ್ನಷ್ಟೇ ಕೊಡಬಲ್ಲುದು. ಹೀಗಾಗಿ ಎಲ್ಲವನ್ನೂ ಸರಿಯಾಗಿ ಮಾಡಿದರೂ ಕಳೆದುಕೊಳ್ಳುವವರೇ ಹೆಚ್ಚು. ಆ ಆಸ್ಪತ್ರೆಗೆ ಹೋಗಿ ಅಂದು ಕರ್ತವ್ಯದಲ್ಲಿದ್ದ ವೈದ್ಯರೊಡನೆ ಕುಳಿತು ಕೇಳುವುದರಲ್ಲಿ ಯಾವ ತಪ್ಪೂ ಇಲ್ಲ, ಕೇಳಿ.

ಪ್ರಶ್ನೆ: ನಾನು 108 ಆಂಬುಲೆನ್ಸಿನಲ್ಲಿ ಇಎಂಟಿ (ತುರ್ತು ವೈದ್ಯಕೀಯ ತಂತ್ರಜ್ಞ). ತರಬೇತಿಯಲ್ಲಿ ನೆಲದ ಮೇಲೆ ಕಷ್ಟಪಟ್ಟು ಒತ್ತಿದರೂ ‘ಸಾಲದು’ ಎಂದ ಉಪಕರಣ, ಆಸ್ಪತ್ರೆಯ ಹಾಸಿಗೆಯ ಮೇಲೆ ಸ್ವಲ್ಪ ಒತ್ತಿದರೂ ‘ಸರಿ’ ಎಂದು ತೋರಿಸಿತು. ಗಾಡಿ ಓಡುತ್ತಿರುವಾಗಲಂತೂ ಅದರ ಅಂಕಿಗಳು ಕುಣಿಯುತ್ತವೆ. ಇಂಥದ್ದನ್ನು ನಂಬುವುದು ಹೇಗೆ?

ಉತ್ತರ: ನೀವು ಗಮನಿಸಿದ್ದು ಬಹಳ ಸರಿ. ಸಿಬ್ಬಂದಿ ಹೀಗೆ ಅನುಮಾನಪಟ್ಟಾಗ ಅವರನ್ನು ಹಠಮಾರಿಗಳೆಂದು ಕರೆಯುವ ತರಬೇತುದಾರರು ಈ ಪ್ರಶ್ನೆಯನ್ನು ಓದಬೇಕು. ಹೆಚ್ಚಿನ ಉಪಕರಣಗಳ ಒಳಗಿರುವುದು ಅಕ್ಸೆಲೆರೋಮೀಟರ್. ನಿಮ್ಮ ಮೊಬೈಲನ್ನು ಅಡ್ಡ ಹಿಡಿದಾಗ ಚಿತ್ರವನ್ನು ಅಡ್ಡ ತಿರುಗಿಸುವುದೂ ಅದೇ ಜಾತಿಯ ಚಿಪ್. ಅದು ತಾನು ಎಷ್ಟು ದೂರ ಕೆಳಗೆ ಹೋಗಿ ಬಂದೆನೆಂದು ಲೆಕ್ಕ ಹಾಕುತ್ತದೆಯೇ ಹೊರತು, ಎದೆಮೂಳೆಗೂ ಬೆನ್ನುಮೂಳೆಗೂ ನಡುವಿನ ಅಂತರ ಎಷ್ಟು ಕಡಿಮೆಯಾಯಿತೆಂಬುದು ಅದಕ್ಕೆ ತಿಳಿಯುವುದಿಲ್ಲ. ಮೆತ್ತನೆಯ ಹಾಸಿಗೆಯ ಮೇಲೆ ರೋಗಿಯ ಇಡೀ ದೇಹವೇ ತಗ್ಗುತ್ತದೆ. ನಿಮ್ಮ ಕೈ ಆರು ಸೆಂಟಿಮೀಟರ್ ಇಳಿದಾಗ ಅದರಲ್ಲಿ ಎರಡು ಹಾಸಿಗೆಯದಾಗಿದ್ದರೆ, ಎದೆಗೆ ಸಿಕ್ಕಿದ್ದು ನಾಲ್ಕೇ. ಯಂತ್ರ ಆರು ಎಂದು ತೋರಿಸಿ ನಿಮ್ಮನ್ನು ಮೆಚ್ಚುತ್ತದೆ. ಉಪಕರಣಗಳು ಹಾಸಿಗೆಯ ಮೇಲೆ ಆಳವನ್ನು ಹೆಚ್ಚಾಗಿ ತೋರಿಸುತ್ತವೆಂದು ಬ್ರಿಟನ್ನಿನ ಸಂಶೋಧಕರು 2009ರಲ್ಲೇ ತೋರಿಸಿಕೊಟ್ಟಿದ್ದಾರೆ. ಬೆನ್ನಿನ ಕೆಳಗೊಂದು, ಎದೆಯ ಮೇಲೊಂದು ತಟ್ಟೆಯನ್ನಿಟ್ಟು ಅವೆರಡರ ನಡುವಿನ ಅಂತರವನ್ನು ಕಾಂತಕ್ಷೇತ್ರದ ಮೂಲಕ ಅಳೆಯುವ ಉಪಕರಣಗಳಲ್ಲಿ ಈ ದೋಷ ಬಹುಮಟ್ಟಿಗೆ ಇಲ್ಲ, ಆದರೆ ಬೆನ್ನಿನ ಕೆಳಗೆ ತಟ್ಟೆಯನ್ನು ತೂರಿಸಲು ಬೇಕಾದ ಸೆಕೆಂಡುಗಳನ್ನು ಅದಕ್ಕೆ ತೆರಬೇಕಾಗುತ್ತದೆ.

ನೀವು ಮಾಡಬಹುದಾದದ್ದು ಇಷ್ಟು. ರೋಗಿ ಎಲ್ಲಿ ಬಿದ್ದಿದ್ದಾರೋ ಅಲ್ಲಿಯೇ, ಗಟ್ಟಿ ನೆಲದ ಮೇಲೆಯೇ ಶುರುಮಾಡಿ. ಅಲ್ಲಿ ಯಂತ್ರ ಹೇಳುವುದು ಹೆಚ್ಚು ಕಡಿಮೆ ಸರಿಯಾಗಿರುತ್ತದೆ. ಆಸ್ಪತ್ರೆಯ ಮಂಚವಾದರೆ ಬೆನ್ನಿನ ಕೆಳಗೆ ಹಲಗೆ ಇರಲಿ, ಏರ್ ಬೆಡ್ ಆಗಿದ್ದರೆ ಅದರ ಸಿಪಿಆರ್ ವಾಲ್ವ್ ಎಳೆದು ಗಾಳಿಯನ್ನು ಬಿಟ್ಟುಬಿಡಿ. ಓಡುವ ಗಾಡಿಯಲ್ಲಿ ಆಳದ ಅಂಕಿಯನ್ನು ಬದಿಗಿಟ್ಟು, ವೇಗಕ್ಕಾಗಿ ಮೆಟ್ರೋನೋಮ್ ಸದ್ದನ್ನು ಮಾತ್ರ ಅನುಸರಿಸಿ. ಯಾವ ಸಂದರ್ಭದಲ್ಲಿ ನಂಬಬೇಕು, ಯಾವಾಗ ನಂಬಬಾರದು ಎಂದು ತಿಳಿದವರೇ ಉಪಕರಣವನ್ನು ಕೊನೆಯವರೆಗೆ ಬಳಸುತ್ತಾರೆಂಬುದು ನನ್ನ ಅನುಭವ. ಪೂರ್ತಿ ನಂಬಿದವರು ಮೊದಲ ತಪ್ಪು ಅಂಕಿ ಕಂಡೊಡನೆ ಅದನ್ನು ಕೈಬಿಟ್ಟುಬಿಡುತ್ತಾರೆ.

ಪ್ರಶ್ನೆ: ನಾನು ನರ್ಸಿಂಗ್ ಸೂಪರಿಂಟೆಂಡೆಂಟ್. ಎರಡು ವರ್ಷಗಳ ಹಿಂದೆ ಆಡಳಿತ ಮಂಡಳಿಯನ್ನು ಒಪ್ಪಿಸಿ ಎದೆಯ ಮೇಲಿಡುವ ಫೀಡ್‌ಬ್ಯಾಕ್ ಉಪಕರಣಗಳನ್ನು ಪ್ರತಿ ವಾರ್ಡಿಗೂ ತರಿಸಿದೆ. ಬಂದಾಗ ಎಲ್ಲರೂ ಚೆನ್ನಾಗಿದೆ ಎಂದರು. ಈಗ ನೋಡಿದರೆ ಅವು ಕಪಾಟಿನಲ್ಲೇ ಇವೆ. ಕೋಡ್ ಬ್ಲೂ (ಹೃದಯಸ್ತಂಭನದ ತುರ್ತು ಕರೆ) ಆದಾಗ ಯಾರೂ ತೆಗೆಯುವುದಿಲ್ಲ. ಕೇಳಿದರೆ ‘ಮರೆತೆವು ಮೇಡಂ’ ಎನ್ನುತ್ತಾರೆ. ಸುತ್ತೋಲೆ ಹೊರಡಿಸಿ ಕಡ್ಡಾಯ ಮಾಡಲೇ?

ಉತ್ತರ: ದಯವಿಟ್ಟು ಸುತ್ತೋಲೆಯನ್ನು ಸ್ವಲ್ಪ ದಿನ ತಡೆಯಿರಿ, ಮೇಡಂ. ಮರೆತೆವು ಎನ್ನುವ ಮಾತಿನ ಹಿಂದೆ ಬೇರೆ ಬೇರೆ ಕಾರಣಗಳಿರುತ್ತವೆ, ಸುತ್ತೋಲೆ ಅವುಗಳಲ್ಲಿ ಒಂದನ್ನೂ ಮುಟ್ಟುವುದಿಲ್ಲ.

ಕಚೇರಿಗಳಿಗೆ ಕಂಪ್ಯೂಟರ್ ಬಂದ ಕಾಲದಲ್ಲಿ ಫ್ರೆಡ್ ಡೇವಿಸ್ ಎಂಬ ಅಮೆರಿಕದ ವಿದ್ವಾಂಸರು ಇದೇ ಸಮಸ್ಯೆಯನ್ನು ಅಧ್ಯಯನ ಮಾಡಿ 1989ರಲ್ಲಿ ಒಂದು ಸರಳ ಮಾತನ್ನು ಮುಂದಿಟ್ಟರು. ಹೊಸ ತಂತ್ರಜ್ಞಾನವನ್ನು ಜನ ಕೈಗೆತ್ತಿಕೊಳ್ಳುವುದು ಮುಖ್ಯವಾಗಿ ಎರಡು ನಂಬಿಕೆಗಳ ಮೇಲೆ ನಿಂತಿದೆ: ಇದರಿಂದ ನನ್ನ ಕೆಲಸ ಉತ್ತಮವಾಗುತ್ತದೆ ಎಂಬುದು ಒಂದು, ಇದನ್ನು ಬಳಸುವುದು ಕಷ್ಟವಲ್ಲ ಎಂಬುದು ಇನ್ನೊಂದು. ವಿಶ್ವನಾಥ್ ವೆಂಕಟೇಶ್ ಮತ್ತು ಡೇವಿಸ್ ಅವರನ್ನೂ ಒಳಗೊಂಡ ತಂಡ 2003ರಲ್ಲಿ ಇದನ್ನು ವಿಸ್ತರಿಸಿ, ಜೊತೆಯವರೂ ಮೇಲಿನವರೂ ಅದನ್ನು ಹೇಗೆ ಕಾಣುತ್ತಾರೆ ಎಂಬುದನ್ನೂ ಬಳಸಲು ಬೇಕಾದ ಅನುಕೂಲ ಸ್ಥಳದಲ್ಲಿದೆಯೇ ಎಂಬುದನ್ನೂ ಸೇರಿಸಿತು. ನಿಮ್ಮ ಕಪಾಟಿನ ಮುಂದೆ ನಿಂತು ಈ ನಾಲ್ಕನ್ನೂ ಒಂದೊಂದಾಗಿ ಕೇಳಿನೋಡಿ.

ಕೊನೆಯದರಿಂದ ಶುರುಮಾಡೋಣ, ಏಕೆಂದರೆ ಅದು ಕಣ್ಣಿಗೆ ಕಾಣುವಂಥದ್ದು. ನಾನು ಒಮ್ಮೆ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಸಿಸ್ಟರ್ ಒಬ್ಬರಿಗೆ ಉಪಕರಣವನ್ನು ತಂದು ಬೊಂಬೆಯ ಎದೆಯ ಮೇಲಿಡಲು ಹೇಳಿ, ಗಡಿಯಾರ ಹಿಡಿದು ನಿಂತೆ. ಕಪಾಟಿಗೆ ಬೀಗ ಹಾಕಿತ್ತು. ಬೀಗದ ಕೈ ಇನ್‌ಚಾರ್ಜ್ ಸಿಸ್ಟರ್ ಮೇಜಿನಲ್ಲಿತ್ತು. ಡಬ್ಬದೊಳಗೆ ಉಪಕರಣ ಪ್ಲಾಸ್ಟಿಕ್ ಚೀಲದಲ್ಲಿ, ಚೀಲಕ್ಕೆ ರಬ್ಬರ್ ಬ್ಯಾಂಡ್. ಎದೆಗೆ ಅಂಟಿಸುವ ಸ್ಟಿಕ್ಕರ್ ಎಲ್ಲಿದೆಯೆಂದು ಹುಡುಕಬೇಕಾಯಿತು. ಒತ್ತಿದ ಮೇಲೆ ಬ್ಯಾಟರಿ ಮುಗಿದಿರುವುದು ತಿಳಿಯಿತು. ಅಷ್ಟು ಹೊತ್ತಿಗೆ ಮೂರು ನಿಮಿಷ ಕಳೆದಿತ್ತು. ಒತ್ತುವಿಕೆ ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದೆಂದು ನಾವೇ ಕಲಿಸಿದ ಮೇಲೆ, ಆ ಸಿಸ್ಟರ್ ನಿಜವಾದ ರೋಗಿಯ ಮುಂದೆ ಇದನ್ನು ‘ಮರೆಯುವುದು’ ಸರಿಯಾದ ತೀರ್ಮಾನವೇ ಆಗಿರುತ್ತದೆ. ಉಪಕರಣ ಎಮರ್ಜೆನ್ಸಿ ಟ್ರಾಲಿಯ ಮೇಲ್ತಟ್ಟೆಯಲ್ಲಿ, ಉಸಿರು ಕೊಡುವ ಅಂಬು ಬ್ಯಾಗಿನ ಪಕ್ಕ, ಚೀಲವಿಲ್ಲದೆ ಇರಬೇಕು. ಪ್ರತಿ ಪಾಳಿಯಲ್ಲಿ ಗಂಟಲೊಳಗೆ ನೋಡುವ ಲಾರಿಂಗೋಸ್ಕೋಪಿನ ಬಲ್ಬ್ ಹೊತ್ತಿಸಿ ನೋಡುವಾಗ ಇದರ ಬ್ಯಾಟರಿಯನ್ನೂ ನೋಡಬೇಕು. ಒಬ್ಬರು ಬರಿಗೈಯಲ್ಲಿ ಒತ್ತಲು ಆರಂಭಿಸಿದ ಮೇಲೆ, ಮೊದಲ ಸಲ ಕೈ ಬದಲಾಯಿಸುವಾಗ ಎರಡನೆಯವರು ಅದನ್ನು ಇಡಲಿ. ಅದಕ್ಕಾಗಿ ಯಾರೂ ಕಾಯುವುದು ಬೇಡ.

ಕೈನೋವಿನ ಬಗ್ಗೆ ಕೇಳಿದ್ದೀರಾ? ಗಟ್ಟಿ ಪ್ಲಾಸ್ಟಿಕ್ಕಿನ ಅಂಚು ಅಂಗೈಯ ಬುಡಕ್ಕೆ ಒತ್ತಿ, ಕೆಂಪಗಾಗಿ, ಕೆಲವೊಮ್ಮೆ ಚರ್ಮ ಸುಲಿಯುವುದುಂಟು. ಮಣಿಕಟ್ಟು ನೋಯುತ್ತದೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಸಾಯುತ್ತಿರುವವರ ಮುಂದೆ ನನ್ನ ಕೈನೋವೇನು ಮಹಾ ಎಂಬ ಸಂಕೋಚ. ನೀವಾಗಿಯೇ ಕೇಳಬೇಕು. ಮೇಲೊಂದು ತೆಳುವಾದ ಗಾಜ್ ಬಟ್ಟೆಯ ಪದರ, ಎರಡೆರಡು ನಿಮಿಷಕ್ಕೆ ತಪ್ಪದೆ ಕೈ ಬದಲಾವಣೆ, ಇಷ್ಟರಿಂದಲೇ ಎಷ್ಟೋ ವಾಸಿಯಾಗುತ್ತದೆ.

ಉಪಯೋಗವಿದೆಯೆಂಬ ನಂಬಿಕೆ ಭಾಷಣದಿಂದ ಹುಟ್ಟುವುದಿಲ್ಲ. ಮೊದಲು ಅಳತೆಯ ಪರದೆಯನ್ನು ಮುಚ್ಚಿಟ್ಟು ಸಿಬ್ಬಂದಿ ಎರಡು ನಿಮಿಷ ಬೊಂಬೆಯನ್ನು ಒತ್ತಲಿ. ಎಷ್ಟು ಆಳ ಬಂದಿರಬಹುದೆಂದು ಅವರೇ ಚೀಟಿಯಲ್ಲಿ ಬರೆಯಲಿ. ಆಮೇಲೆ ಪರದೆಯನ್ನು ತೆರೆಯಿರಿ. ಅಲ್ಲಿ ಬೇರೆಯವರು ಇರುವುದು ಬೇಡ, ತರಬೇತುದಾರರೊಬ್ಬರೇ ಸಾಕು. ಆ ಚೀಟಿಗೂ ಪರದೆಗೂ ಇರುವ ವ್ಯತ್ಯಾಸವನ್ನು ತಾವೇ ಕಂಡವರಿಗೆ ಮತ್ತೆ ಯಾರೂ ಏನನ್ನೂ ವಿವರಿಸಬೇಕಾಗಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2019ರ ಜನವರಿ 31ರಿಂದ ತನ್ನ ವಯಸ್ಕರ ಸಿಪಿಆರ್ ತರಬೇತಿಗಳಲ್ಲಿ ಅಳತೆ ತೋರಿಸುವ ಉಪಕರಣವನ್ನು ಕಡ್ಡಾಯ ಮಾಡಿರುವುದರಿಂದ ಹೊಸ ಸಿಬ್ಬಂದಿಯಲ್ಲಿ ಅನೇಕರು ಅದನ್ನು ಕಂಡೇ ಬಂದಿರುತ್ತಾರೆ. ಇದು ಮುಖ್ಯವಾಗಿ ಹಳಬರಿಗೆ ಬೇಕಾದ ಕೆಲಸ.

ಇನ್ನು ಉಳಿದದ್ದು ಮೇಲಿನವರು. ನಿಮ್ಮಲ್ಲಿ ಕೋಡ್ ಬ್ಲೂ ಮುಗಿದ ಮರುದಿನ ಉಪಕರಣದ ದಾಖಲೆ ಮೊದಲು ಯಾರ ಕೈಗೆ ಹೋಗುತ್ತದೆ? ಅದು ಒತ್ತಿದವರಿಗೆ ಹೋಗುವ ಮುನ್ನ ನಿಮ್ಮ ಮೇಜಿಗೆ ಅಥವಾ ಮೆಡಿಕಲ್ ಸೂಪರಿಂಟೆಂಡೆಂಟರ ಮೇಜಿಗೆ ಹೋಗುತ್ತಿದ್ದರೆ, ಕಪಾಟು ಏಕೆ ತೆರೆಯುವುದಿಲ್ಲ ಎಂಬುದಕ್ಕೆ ಉತ್ತರ ಅಲ್ಲಿಯೇ ಇದೆ ಎಂದು ನಾನು ತಿಳಿಯುತ್ತೇನೆ. ಒಂದು ಆಸ್ಪತ್ರೆಯಲ್ಲಿ, ಆಳ ಕಡಿಮೆ ಬಂದ ದಾಖಲೆಯೊಂದನ್ನು ಹೆಸರು ಸಮೇತ ಸೂಚನಾ ಫಲಕಕ್ಕೆ ಹಚ್ಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಚ್ಚಿದವರ ಉದ್ದೇಶ ಎಲ್ಲರೂ ಕಲಿಯಲಿ ಎಂಬುದೇ ಆಗಿತ್ತು. ಆ ತಿಂಗಳಿಂದಾಚೆಗೆ ಅಲ್ಲಿ ಯಾರೂ ಉಪಕರಣವನ್ನು ಮುಟ್ಟಲಿಲ್ಲ. ಮೊದಲ ಆರು ತಿಂಗಳು ದಾಖಲೆಯನ್ನು ಒತ್ತಿದವರಿಗೂ ತರಬೇತುದಾರರಿಗೂ ಮಾತ್ರ ತೋರಿಸುತ್ತೇವೆ, ಸೇವಾ ಪುಸ್ತಕಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಬರೆದುಕೊಡಿ. ಸುತ್ತೋಲೆಯನ್ನು ಹೊರಡಿಸಲೇಬೇಕೆಂದಿದ್ದರೆ ಇದನ್ನೇ ಹೊರಡಿಸಿ. ಮತ್ತು ಮೊದಲ ದಾಖಲೆ ವಿಭಾಗದ ಹಿರಿಯ ವೈದ್ಯರದ್ದಾಗಿರಲಿ. ಅವರು ತಮ್ಮ ನಾಲ್ಕೂವರೆ ಸೆಂಟಿಮೀಟರನ್ನು ಎಲ್ಲರೆದುರು ಒಪ್ಪಿಕೊಂಡರೆ, ಉಳಿದವರ ಭಯ ಅರ್ಧ ಇಳಿಯುತ್ತದೆ.

ಪ್ರಶ್ನೆ: ಎಂ.ಡಿ. ವಿದ್ಯಾರ್ಥಿ ನಾನು. ಉಪಕರಣದ ಕಡೆ ನೋಡುತ್ತಿದ್ದರೆ ರೋಗಿಯ ಕಡೆ ಗಮನ ತಪ್ಪುತ್ತದೆ. ಇಸಿಜಿ, ಔಷಧ, ಟ್ಯೂಬ್, ಸಮಯ ಎಲ್ಲವೂ ತಲೆಯಲ್ಲಿರುವಾಗ ಇನ್ನೊಂದು ಸದ್ದು ಬೇಕೇ?

ಉತ್ತರ: ತಂಡದ ನಾಯಕರಾಗಿ ನಿಂತಾಗ ನೀವು ಅದನ್ನು ನೋಡಲೇಬೇಡಿ. ಆ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ, ತಪ್ಪಿದಾಗ ಮಾತ್ರ ನಿಮಗೆ ತಿಳಿಸಲು ಹೇಳಿ. ಒತ್ತುವವರಾಗಿ ನಿಂತಾಗ ಅದನ್ನೊಂದೇ ನೋಡಿ, ಇಸಿಜಿ ನೋಡಬೇಡಿ.

ಪ್ರಶ್ನೆ: ಹನ್ನೆರಡು ಹಾಸಿಗೆಗಳ ನರ್ಸಿಂಗ್ ಹೋಮ್ ನಡೆಸುತ್ತೇನೆ. ಇಂಥ ಉಪಕರಣವನ್ನು ಕೊಳ್ಳುವ ಶಕ್ತಿ ಸದ್ಯಕ್ಕಿಲ್ಲ. ನಮ್ಮಂಥವರು ಏನು ಮಾಡಬಹುದು?

ಉತ್ತರ: ಹೆಚ್ಚಿನದನ್ನು ನೀವು ಈಗಲೇ ಮಾಡಬಹುದು. ವೇಗಕ್ಕೆ ಮೊಬೈಲಿನ ಮೆಟ್ರೋನೋಮ್ ಸಾಕು. ನಿಮಿಷಕ್ಕೆ 110ಕ್ಕೆ ಹೊಂದಿಸಿದರೆ 100ರಿಂದ 120ರ ಮಿತಿಯ ನಡುಮಧ್ಯದಲ್ಲಿರುತ್ತೀರಿ. ಆಳವನ್ನು ಬರಿಗಣ್ಣಿನಿಂದ ಅಳೆಯಲು ಆಗುವುದಿಲ್ಲ, ಆದರೆ ಅರಿವಳಿಕೆಗಾಗಿ ನಿಮ್ಮ ಆಪರೇಷನ್ ಥಿಯೇಟರಿನಲ್ಲಿ ಕ್ಯಾಪ್ನೋಗ್ರಾಫ್ ಇದ್ದರೆ ಅದೇ ನಿಮ್ಮ ಫೀಡ್‌ಬ್ಯಾಕ್ ಉಪಕರಣ. ಶ್ವಾಸನಾಳಕ್ಕೆ ಟ್ಯೂಬ್ ಹಾಕಿದ ರೋಗಿಯ ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್, ಎದೆ ಒತ್ತಿದಾಗ ಶ್ವಾಸಕೋಶಕ್ಕೆ ರಕ್ತ ಎಷ್ಟು ಹರಿಯುತ್ತಿದೆ ಎಂಬುದನ್ನು ತೋರಿಸುತ್ತದೆ. ಅಂಕಿ 10 ಮಿ.ಮೀ. ಪಾದರಸಕ್ಕಿಂತ ಕೆಳಗಿದ್ದರೆ ಒತ್ತು ಸಾಲದೆಂದು ತಿಳಿದು ಕೈ ಬದಲಾಯಿಸಿ. ಹೊಸಬರು ಒತ್ತತೊಡಗಿದ ಮೇಲೆ ಅದು ಮೇಲೇರುವುದನ್ನು ನಿಮ್ಮ ಸಿಬ್ಬಂದಿಗೆ ಒಮ್ಮೆ ತೋರಿಸಿ. ಅದು ಇದ್ದಕ್ಕಿದ್ದಂತೆ 35, 40ಕ್ಕೆ ಜಿಗಿದರೆ ಹೃದಯ ಮರಳಿ ಮಿಡಿದಿರಬಹುದು, ನಾಡಿ ನೋಡಿ.

ಉಳಿದಂತೆ ಪ್ರತಿ ಮಂಚಕ್ಕೂ ಬೇಡ, ಇಡೀ ಮಹಡಿಗೆ ಒಂದರಂತೆ ಬೆನ್ನಿನ ಕೆಳಗಿಡುವ ಮರದ ಹಲಗೆಯನ್ನು ಬಡಗಿಯಿಂದ ಮಾಡಿಸಿ ಟ್ರಾಲಿಯ ಹಿಂಬದಿಗೆ ತೂಗುಹಾಕಿ. ಒತ್ತುವವರ ಎದುರಿಗೆ ನಿಂತು, ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲಕ್ಕೆ ಬರುತ್ತಿದೆಯೇ ಎಂದು ನೋಡುವ, ಎರಡು ನಿಮಿಷವಾದೊಡನೆ ‘ಬದಲಿ’ ಎನ್ನುವ ಹೊಣೆಯನ್ನು ಪ್ರತಿ ಪಾಳಿಯಲ್ಲೂ ಒಬ್ಬರ ಹೆಸರಿನ ಮುಂದೆ ಬರೆದಿಡಿ. ಆ ಹೆಸರು ರಾತ್ರಿ ಪಾಳಿಯ ಆಯಾಳದ್ದೂ ಆಗಿರಬಹುದು. ಕೈಗಡಿಯಾರ ನೋಡಬಲ್ಲವರಾಗಿದ್ದು, ದೊಡ್ಡ ಡಾಕ್ಟರಿಗೂ ‘ಬದಲಿ’ ಎಂದು ಹೇಳಲು ನಿಮ್ಮಿಂದ ಅನುಮತಿ ಪಡೆದವರಾಗಿದ್ದರೆ ಸಾಕು.